ಜೋಮು

ಅಂಗಿ ತಗೀರಿ, ಅಂಜಬ್ಯಾಡ್ರಿ.
ಇದು ಬೆಣ್ಣಿ ಇದ್ದಂಗ, ಬೆಳ್ಳಗ, ತಣ್ಣಗ.
ಸೂಜಿ ಇನ್ನೂ ಡಬ್ಬ್ಯಾಗ ಮಲಗೇತಿ,
ಮಿಂಗೆಲ್ ಹೊರಗ ಸಿಗರೇಟ ಸೇದಾಕ ಹತ್ತ್ಯಾನ.
ಮೊದಲ ನಾನು, ಆಮ್ಯಾಲ ಅಂವ.

ಹಿಂದಿಯೊಳಗ ನನಗ ಬರೂದು ನಾಕ ಮಾತು:
ಬೈಠೋ. ಹಿಲೋ ಮತ್. ಪೌನ್ ಘಂಟಾ. ಹೋ ಗಯಾ.
ಉಳದದ್ದೆಲ್ಲಾ ಕನ್ನಡದಾಗ ಅಂತೀನಿ,
ನಿಮಗ ತಿಳಿಯಂಗಿಲ್ಲ,
ಅದಕ್ಕ ಅಂತೀನಿ.

ಎದಿಮ್ಯಾಗ ಅವ್ವನ ಹೆಸರು ಬರಸತೀರಂತ.
ಹಾಳಿಮ್ಯಾಗ ಬರಕೊಂಡು ಬಂದೀರಿ, ಮೂರ ಅಕ್ಷರ.
ಓದಾಕ ಬರಂಗಿಲ್ಲ ನನಗ, ಆದರ ಜಾಗಾ ಗೊತ್ತು:
ಮಾಂಸ ಇಲ್ಲದ ಈ ಎಲುಬಿನ ಮ್ಯಾಲ ಭಾಳ ಉರೀತೈತಿ,
ಅಲ್ಲಿ ಎರಡ ಸಲ ಬಳೀತೀನಿ.
ಮ್ಯಾಲ ಪ್ಲಾಸ್ಟಿಕ್ಕಿನ ಹಾಳಿ, ಚಪಾತಿ ಸುತ್ತತಾರಲ್ಲ, ಅದ.
ಬೆವರು ಹೊರಗ ಬರೂ ದಾರೀಲೆ
ಔಷಧ ಒಳಗ ಹೊಕ್ಕತೈತಿ.
ಅವ್ವ ಅದಾಳೋ ಇಲ್ಲೋ, ಕೇಳಂಗಿಲ್ಲ ನಾ.
ಕೇಳೂವಷ್ಟು ಹಿಂದಿ ಇಲ್ಲ.

ಗಡಿಯಾರ ನೋಡಿಕೊಳ್ರಿ. ಹನ್ನೊಂದಕ್ಕ ಕಾಲ ಕಮ್ಮಿ.

ಆಗಳೆ ನನ್ನ ಮುಂಗೈ ನೋಡಿ ಬೆರಳ ಮಾಡಿದ್ರಿ.
ಹೌದ್ರಿ, ಇದೂ ಹಚ್ಚಿನ. ಹಸರ ಹೋಗಿ ಬೂದಿ ಬಣ್ಣ ಆಗೇತಿ.
ಒಂದ ಚೇಳು, ಒಂದ ತುಳಸಿಕಟ್ಟಿ, ಒಂದ ಸಾಲ ಚುಕ್ಕಿ.
ಎಂಟ ವರ್ಷದಾಕಿ ಇದ್ದೆ, ರೋಣದ ಸಂತಿ ದಿನ.
ಅವ್ವ ತೊಡಿ ನಡುವ ಒತ್ತಿ ಹಿಡದು
ಬಾಯಾಗ ಬೆಲ್ಲದ ಹೆಂಟಿ ತುರುಕಿದ್ಳು.
ಚೇಳಿನ ಬಾಲ ಮುಗಿಯೂದ್ರಾಗ ಬೆಲ್ಲ ಕರಗಿತ್ತು,
ತುಟಿ ಕಡಕೊಂಡಿದ್ದೆ,
ರಕ್ತಕ್ಕೂ ಸೀ ಹತ್ತಿತ್ತು.
ಚುಕ್ಕಿ ಸಾಲು ಒಂದ ಕಡೆ ಸೊಟ್ಟ ಐತಿ ನೋಡ್ರಿ,
ಅಲ್ಲಿ ನಾ ಕೈ ಕೊಸರಿದೆ.
ನಿಮ್ಮದು ಸೊಟ್ಟ ಬರಂಗಿಲ್ಲ.

ಗ್ಲೌಸಿನ ಡಬ್ಬಿ ಹದಿನೈದ ದಿನ ಬರಬೇಕು ಅಂತಾನ ಮಿಂಗೆಲ್.
ಹತ್ತ ದಿನಕ್ಕ ಖಾಲಿ. ಆಮ್ಯಾಲ ಬರಿಗೈ.
ಸಂಜೀಕ ಬೆರಳ ತುದಿ ನನ್ನವಲ್ಲ.
ಪರ್ವರಿ ಬಸ್ಸಿನ್ಯಾಗ ಎರಡ ರೂಪಾಯೋ ಐದೋ
ಕಣ್ಣೀಲೆ ನೋಡಿ ಕೊಡತೀನಿ.
ಒಮ್ಮೆ ತವಾ ಮುಟ್ಟಿದೆ,
ಸುಟ್ಟದ್ದು ಮೂಗಿಗೆ ಮೊದಲ ತಿಳೀತು.

ಟ್ಯೂಬ ಖಾಲಿ ಆದಾಗ ಕತ್ತರೀಲೆ ಸೀಳಿ
ಕಡೀ ಬಿಳುಪು ಮನಿಗೆ ಒಯ್ದಿದ್ದೆ.
ಸೆಂಟ್ರಿಂಗ ಹಲಗಿ ಹೊತ್ತ ಗಂಡನ ಬೆನ್ನಿಗೆ ತಿಕ್ಕಿದೆ.
ತೊಗಲು ಮಲಗಿತು, ಅಂವ ಮಲಗಲಿಲ್ಲ.
ತೊಗಲಿನ ಕೆಳಗಿಂದು ಇದರ ಕೈಗೆ ಸಿಗಂಗಿಲ್ಲ.

ಹ್ವಾದ ಮಂಗಳವಾರ ಮೈಲಾರಿ ಗಪ್ಪ ಬಿದ್ದಿದ್ದ.
ನಾಕ ವರ್ಷದಾಂವ, ಗಪ್ಪ ಇರೂ ಕೂಸಲ್ಲ.
ಹಣಿ ಮುಟ್ಟಿದೆ.
ಬಿಸಿ ಇಲ್ಲ, ತಣ್ಣಗಿಲ್ಲ, ಹಣೀನ ಇಲ್ಲ,
ದೂರದ ಯಾರದೋ ಗ್ವಾಡಿ ಮುಟ್ಟಿದಂಗ.
ಮತ್ತೊಂದ ಕೈ ಇಟ್ಟೆ. ಅದೂ ಅವತ್ತ ದುಡದ ಕೈ.
ಬಗ್ಗಿ ತುಟಿ ಹಚ್ಚಿದೆ ಕಡೀಕ.
ಸುಡತಿತ್ತು.

ರಾತ್ರಿ ರಿಕ್ಷಾ, ಮಾಪ್ಸಾ ದವಾಖಾನಿ.
ನರ್ಸಬಾಯಿ ಸೂಜಿ ತಗದ್ಳು.
ಪೌನ್ ಘಂಟಾ ಕಾಯೂ ಹೊತ್ತಲ್ಲ ಅದು.
ಬೆಲ್ಲಾನೂ ಇರಲಿಲ್ಲ.
ಕಚ್ಚಾಕ ನನ್ನ ಬೆರಳ ಕೊಟ್ಟೆ.
ಕಚ್ಚಿದ.
ನೋಡಕೋತ ಕುಂತೆ, ಹಲ್ಲ ನಟ್ಟದ್ದು ಕಾಣತಿತ್ತು ಅಷ್ಟ.
ನೋವು ಬಂದದ್ದು ಮರುದಿನ ಮುಂಜಾನಿ,
ಬಸ್ಸಿನ ಕಂಬಿ ಹಿಡದಾಗ.

ಹನ್ನೊಂದೂವರಿ ಆತ್ರಿ.
ಪ್ಲಾಸ್ಟಿಕ್ಕ ತಗದು ಒರಸತೀನಿ.
ಈಗ ಚಿವುಟತೀನಿ, ಮಾರಿ ಆ ಕಡೆ ಮಾಡ್ರಿ.
ತಿಳೀತೇನು? ಇಲ್ಲ?
ಹೋ ಗಯಾ.

ಮಿಂಗೆಲ್ ಬಂದ, ಮಷೀನು ಗುಂಯ್ ಅಂತು.
ನಾ ಹಿತ್ತಲ ನಳಕ್ಕ ಹೋಗಿ ಕೈ ಒಡ್ಡತೀನಿ.
ನೀರು ಬೀಳೂದು ಕಾಣತೈತಿ.
ಮುಟ್ಟಲಿ ಅಂತ ಕಾಯತೀನಿ.