ಮಿಸ್

ಬಾಣಾವರ, ಐದನೇ ಕ್ಲಾಸು. ಬೋರ್ಡಿನ ಮೇಲೆ
ಮೂರೇ ಅಕ್ಷರ ಬರೆದೆ: ಎಮ್, ಐ, ಎಸ್.
"ಯಾವ ಮಾತಿನ ಮುಂದೆ ಇದು ನಿಂತರೂ
ಆ ಮಾತು ದಾರಿ ತಪ್ಪುತ್ತೆ."

ಪೆನ್ಸಿಲ್ ಕಚ್ಚುತ್ತ ಚೂಡಾಮಣಿ ಎದ್ದಳು:
"ಹಂಗಾದ್ರೆ ದಿನಾ ನಿಮ್ಮನ್ನ
ಅದನ್ನೇ ಅಂತೀವಲ್ಲ, ಮಿಸ್?"

ನಕ್ಕೆ.
ಅದಕ್ಕೆ ಇನ್ನೊಂದು ಎಸ್ ಇದೆ ಕಣೇ, ಅನ್ನಬಹುದಿತ್ತು.

ಊಟದ ಬೆಲ್ಲಿನ ಹೊತ್ತಿಗೆ ಇಂಗ್ಲಿಷು ಅವರ ಕೈಗೆ ಸಿಕ್ಕಿತ್ತು:
ಅದಲುಬದಲಾದದ್ದು ಮಿಸ್‌ಚಪ್ಪಲಿ,
ಸಪ್ಪೆ ಸಾರು ಮಿಸ್‌ಉಪ್ಪು,
ನಿಲ್ಲಿಸದೆ ಹೋದ ಅರಸೀಕೆರೆ ಬಸ್ಸು
ಬರೀ ಮಿಸ್ಸು.

ಒಂದಕ್ಕೂ ಕೆಂಪು ಇಂಕು ಹಾಕಲಿಲ್ಲ.
ಸಂಜೆ ಬೋರ್ಡು ಒರೆಸಲು ಹೋದರೆ
ಮೂರಕ್ಷರದ ಪಕ್ಕ ಯಾರೋ
ಇನ್ನೊಂದು ಎಸ್ ಸೇರಿಸಿದ್ದಾರೆ, ಸಣ್ಣದು,
ಕನ್ನಡಿಯೊಳಗಿನ ಹಾಗೆ
ತಿರುಗಿ ನಿಂತದ್ದು.