ಗುರಿ ಹೊಲಿದದ್ದು

ಹಿಂದೆ ಗುರು ಇರಬೇಕು ಮುಂದೆ ಗುರಿ ಇರಬೇಕು
ಎಂದು ಶಾಲೆಯ ಕಾಂಪೌಂಡಿನ ಮೇಲೆ ಬರೆದಿದೆ.
ದಸರಾ ರಜೆಗೆ ಮೊದಲೇ ಗುರುವಿಗೆ ಸೊರಬಕ್ಕೆ ವರ್ಗವಾಯಿತು.
ಹೋಗುವಾಗ ಸಿಂಚನಳ ಕೈಗೆ ಬಿಲ್ಲು ಕೊಟ್ಟು ಹೋದರು,
ಬಾಣದ ಬಿಲ್ಲು ನನಗೆ ಬಿಟ್ಟು ಹೋದರು.
ಇನ್ನು ಗುರಿ.
ಅಂಗಡಿಯವನು ಏಳು ಸಾವಿರ ಅಂದ.
ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಬಂದೆ.

ಮೊದಲು ಸಿಮೆಂಟಿನ ಚೀಲಕ್ಕೆ ಮರಳು ತುಂಬಿದೆವು.
ಬಾಣ ಒಂದೇ ಏಟಿಗೆ ಮೂತಿ ಮುರಿದುಕೊಂಡು ಬಿತ್ತು:
ಮುನ್ನೂರ ಎಂಬತ್ತು ರೂಪಾಯಿ.
ಆಮೇಲೆ ಹುಲ್ಲು ಹೊಸೆದು, ಚಕ್ಕುಲಿಯ ಹಾಗೆ ಸುತ್ತಿ,
ತೆಂಗಿನ ಹುರಿಯಲ್ಲಿ ಬಿಗಿದೆವು.
ಚೆನ್ನಾಗಿತ್ತು. ಎರಡು ದಿನ.
ಮೂರನೆಯ ದಿನ ಖೈರುನ್ನೀಸಾಳ ಮೇಕೆ ಬಂದು
ಹೊರಗಿನ ಎರಡು ಸುತ್ತು ತಿಂದು
ನಡುವನ್ನು ಮಾತ್ರ ಬಿಟ್ಟಿತ್ತು.
ಮೇಕೆಗೂ ಗೊತ್ತಮ್ಮಾ ನಡು ಕಷ್ಟ ಅಂತ, ಎಂದಳು ಸಿಂಚನ.

ನಾನು ದುಡಿಯುವುದು ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ,
ಕಾಲರ್ ಲೈನು, ನಾಲ್ಕನೆಯ ಮಿಷನ್ನು.
ರಸ್ತೆಯಾಚೆ ಕರಿಬಸಪ್ಪನ ಗುಡಾರದಲ್ಲಿ
ಚಿಂದಿ ಕಿಲೋಗೆ ಎಂಟು ರೂಪಾಯಿ.
ಹದಿನೆಂಟು ಕಿಲೋ ತೂಗಿಸಿದೆ.
ಹಾಲಮ್ಮಾ, ಹಾಸಿಗೆಗೋ ದಿಂಬಿಗೋ? ಎಂದ.
ಎದೆಗೆ, ಅಂದೆ.
ಅವನಿಗೆ ಅರ್ಥವಾಗಲಿಲ್ಲ. ನನಗೂ ಅಷ್ಟಾಗಿ.

ರಾತ್ರಿ ಊಟವಾದ ಮೇಲೆ ಗುಡ್ಡೆ ಹಾಕಿ ಕೂತೆವು.
ರಿಜೆಕ್ಟಾದ ತೋಳು, ಅರ್ಧ ಜೇಬು, ಒಂಟಿ ಕಾಲು.
ಗುಂಡಿ ಕೀಳು, ಜಿಪ್ಪು ಕೀಳು, ಕೊಕ್ಕೆ ಕೀಳು,
ಚೂರು ಲೋಹ ಉಳಿದರೂ ಬಾಣಕ್ಕೆ ಕೇಡು.
ಗುಂಡಿಗಳನ್ನೆಲ್ಲ ಚಿಕ್ಕವನು ಬಣ್ಣ ನೋಡಿ ಆರಿಸಿ
ಉಪ್ಪಿನಕಾಯಿಯ ಖಾಲಿ ಭರಣಿಗೆ ತುಂಬಿಸಿದ.

ತುಂಬುವುದರಲ್ಲಿದೆ ಗುಟ್ಟು.
ಸಡಿಲವಾದರೆ ಬಾಣ ಬೆನ್ನಿನಿಂದ ಇಣುಕುತ್ತದೆ,
ಬಿಗಿಯಾದರೆ ಹಿಡಿದದ್ದು ಬಿಡುವುದಿಲ್ಲ.
ತಡೆಯಬೇಕು, ಬಿಡಲೂ ಬೇಕು.
ಒಂದು ಪದರ ಹಾಸಿ ಮಗಳನ್ನು ಚೀಲದೊಳಗೆ ಇಳಿಸಿ
ತುಳಿ ಅಂದೆ. ತುಳಿದಳು. ಮತ್ತೊಂದು ಪದರ. ತುಳಿ.
ತುಳಿಯುತ್ತ ತುಳಿಯುತ್ತ ಮೇಲೆ ಬಂದವಳು
ಕೊನೆಗೆ ನನ್ನ ತಲೆಗಿಂತ ಎತ್ತರ ನಿಂತಿದ್ದಳು
ಬಲ್ಬಿಗೆ ಕೂದಲು ತಾಗಿಸಿಕೊಂಡು.
ದಬ್ಬಳ ತಗೊಂಡು ಬಾಯಿ ಹೊಲಿದೆ.
ಕಂಪನಿಯಲ್ಲಿ ಇಂಚಿಗೆ ಹನ್ನೆರಡು ಹೊಲಿಗೆಯವಳು
ಇಲ್ಲಿ ಗೇಣಿಗೆ ನಾಲ್ಕು. ಯಾರೂ ಚೆಕಿಂಗಿಗೆ ಬರಲಿಲ್ಲ.

ಹಳೆಯ ಪಂಚೆಯ ಮೇಲೆ ಸುತ್ತು ಎಳೆದದ್ದು
ಕೊಳದಪ್ಪಲೆಯ ಮುಚ್ಚಳ, ರೊಟ್ಟಿಯ ಹೆಂಚು, ತಟ್ಟೆ, ಲೋಟದಲ್ಲಿ.
ಕಪ್ಪಿಗೆ ಹಂಡೆಯ ಮಸಿ. ನೀಲಿಗೆ ಬಟ್ಟೆಯ ನೀಲಿ.
ಕೆಂಪಿಗೆ ಕೆಮ್ಮಣ್ಣು,
ನಡುವಿನ ಹಳದಿಗೆ ಅರಿಶಿನ.

ತಪ್ಪಿದ್ದು ಮಣ್ಣಿಗೆ ಹೋಗಲಿ ಎಂದು
ಚಾನೆಲ್ ಏರಿಗೆ ಒರಗಿಸಿ ನಿಲ್ಲಿಸಿದೆವು.
ಹದಿನೆಂಟು ಮೀಟರೆಂದರೆ
ಮೂರು ಸೀರೆ, ಮೇಲೆ ಮೂರು ಮೊಳ.
ಮೊದಲ ಬಾಣ ಲೋಟಕ್ಕೆ ಬೀಳಲಿಲ್ಲ, ತಟ್ಟೆಯ ಅಂಚಿಗೆ ಬಿತ್ತು.
ಧಪ್.
ಹಾಸಿಗೆಯ ಮೇಲೆ ಮಗು ಕುಪ್ಪಳಿಸಿದ ಸದ್ದು.
ಎರಡು ಬೆರಳಲ್ಲಿ ಎಳೆದರೆ ಬಂತು.

ಕಂಪನಿಯಲ್ಲಿ ನಮಗೂ ಟಾರ್ಗೆಟ್ ಇದೆ.
ಬೋರ್ಡಿನ ಮೇಲೆ ಗಂಟೆಗೊಂದು ಸಂಖ್ಯೆ.
ತೊಂಬತ್ತು ಮುಟ್ಟಿದರೆ ಮರುವಾರ ನೂರು,
ನೂರು ಮುಟ್ಟಿದರೆ ನೂರಹತ್ತು.
ಸೂಪರ್‌ವೈಸರ್ ಒರೆಸುತ್ತಾನೆ, ಬರೆಯುತ್ತಾನೆ,
ಏಳು ವರ್ಷವಾಯಿತು, ಅದರ ಮೈಗೆ ಒಂದೂ ನಾಟಿಲ್ಲ.
ಇದೊಂದು
ಇಟ್ಟಲ್ಲೇ ಇರುತ್ತದೆ ಹೊಡೆಸಿಕೊಂಡು,
ಮುಟ್ಟಿದ್ದನ್ನು ಮುಟ್ಟಿದೆ ಎನ್ನುತ್ತದೆ.

ಅರಿಶಿನ ಬಿಸಿಲಿಗೆ ನಿಲ್ಲುವ ಬಣ್ಣವಲ್ಲ.
ವಾರದೊಳಗೆ ನಡು ಬಿಳಿಚಿಕೊಳ್ಳುತ್ತದೆ.
ಭಾನುವಾರ ಬಟ್ಟೆ ಒಗೆದಾದ ಮೇಲೆ
ಲೋಟ ಬೋರಲಿಟ್ಟು ಗೆರೆ ಎಳೆದು ಮತ್ತೆ ಬಳಿಯುತ್ತೇನೆ.
ಮೊನ್ನೆ ಹಾಗೆ ಬಳಿಯುವಾಗ
ಒಂದು ತೂತಿನಿಂದ ಕಾಲರಿನ ತುದಿ ಇಣುಕಿತ್ತು,
ನೀಲಿ ಗೆರೆಯದು.
ನನ್ನದೇ ಹೊಲಿಗೆ. ನನಗೆ ಗೊತ್ತಾಗುತ್ತದೆ.
ಬೆರಳಲ್ಲಿ ಒಳಗೆ ತಳ್ಳಿದೆ.

ಅಮ್ಮಾ, ಆಚೆ ಸರಿ, ಅಂದಳು ಸಿಂಚನ
ಮೂರು ಸೀರೆ ಮೂರು ಮೊಳದಾಚೆಯಿಂದ.