ದಾರ ಕಟ್ಟಿದ ಮೊಳೆಗಳು

ಈ ಕೋಣೆಗೆ ಮಲ್ಲಿಗೆ ಮುಡಿದು ಬರುವಂತಿಲ್ಲ.
ಪರಿಮಳವೂ ಒಂದು ರಸಾಯನ, ಭ್ರೂಣಕ್ಕೆ ಆಗುವುದಿಲ್ಲ.
ಕಂಕನಾಡಿಯ ಈ ಮೂರನೇ ಮಹಡಿಯಲ್ಲಿ
ಚಪ್ಪಲಿ ಗೂಡಿನ ಮೇಲಿನ ಮೊಳೆಗೆ
ನನ್ನ ಒಂದು ಚೆಂಡು ಶಂಕರಪುರ ರಾತ್ರಿಯಿಡೀ ತೂಗುತ್ತದೆ.

ಒಳಗೆ ಮೂವತ್ತೇಳು ಡಿಗ್ರಿ. ಮಬ್ಬು ಬೆಳಕು.
ನಾಲ್ಕನೇ ಕುಳಿಯಲ್ಲಿ ತಿಂಗಳಾಯರದ್ದು:
ಎರಡು ದಿನದ್ದು, ನಾಲ್ಕು ಕೋಶದ್ದು.

ಪದ್ಮಾಕರ ತಿಂಗಳಾಯ ಧಕ್ಕೆಯಲ್ಲಿ ಬೋಟಿನ ಇಂಜಿನು ನೋಡುವವರು.
ಸಹಿಗೆ ಮೊದಲು, ಪೆನ್ನು ಹಿಡಿದೇ ಕೇಳಿದರು:
"ಇಪ್ಪತ್ತೆರಡು ವರ್ಷ ಡೀಸೆಲ್ ಹೊಗೆ ಕುಡಿದವ ನಾನು ಮೇಡಂ.
ಅದೆಲ್ಲ ಇದಕ್ಕೆ ಗೊತ್ತಾಗ್ತದಾ?"
ವಿಮಲಾಕ್ಷಿ ಅವರ ಮೊಣಕೈ ತಿವಿದರು.
ಡಾಕ್ಟರು ನಕ್ಕು ಹಾಳೆ ಮಗುಚಿದರು.
ನಾನು ಹೇಳಬಹುದಿತ್ತು. ಹೇಳಲಿಲ್ಲ.

ಹೇಳುವುದಾದರೆ ಅಪ್ಪನಿಂದ ಶುರು ಮಾಡಬೇಕು.
ಬಂದರಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು,
ಎಬನೇಜರ್ ಸಾಲಿನ್ಸ್, ಉಗುರಿನಡಿ ಸದಾ ಸೀಸ.
ನನಗೆ ಮೊದಲು ಕಲಿಸಿದ್ದು ಅಕ್ಷರವಲ್ಲ, ಅರೆ ಅಕ್ಷರ:
"ನೋಡು, ಇದು ಕ. ತಲೆಗೊಂದು ಸಣ್ಣ ಕೊಕ್ಕೆ ಇಟ್ಟರೆ ಕ್.
ಅಕ್ಷರ ಅಲ್ಲೇ ಉಂಟು. ಸ್ವರ ಮಾತ್ರ ಹೋಯ್ತು."

ಕೋಶದ ಪುಸ್ತಕದಲ್ಲೂ ಅಷ್ಟೆ. ನಾಲ್ಕೇ ಅಕ್ಷರ,
ಅದರಲ್ಲಿ ಸಿ-ಯ ತಲೆಗೆ ಅಲ್ಲಲ್ಲಿ ಒಂದು ಮೀಥೈಲ್ ಕೊಕ್ಕೆ.
ಅಳಿಸಿದ್ದಲ್ಲ, ತಿದ್ದಿದ್ದಲ್ಲ. ಓದುವವರು
ಆ ಸಾಲನ್ನು ನುಂಗಿಕೊಂಡು ಮುಂದೆ ಹೋಗುತ್ತಾರೆ.
ಕಣ್ಣು ಪಿತ್ತ ಸುರಿಸದಿರುವುದರಲ್ಲಿ
ಈ ಕೊಕ್ಕೆಯದೂ ಒಂದು ಪಾಲು.

ಸಂಜೆ ಐದಕ್ಕೆ ಅಚ್ಚು ಮುಗಿದ ಪುಟವನ್ನು ಅಪ್ಪ
ಸೀಮೆಎಣ್ಣೆಯಲ್ಲಿ ತೊಳೆದು ಬಿಡಿಸುವರು:
ಅ ಅದರ ಮನೆಗೆ, ಳ ಅದರ ಮನೆಗೆ.
ಹರಾಜಿನ ಪ್ರಕಟಣೆ, ಉತ್ತರಕ್ರಿಯೆಯ ಕಾಗದ, ಆಟದ ಹ್ಯಾಂಡ್‌ಬಿಲ್ಲು,
ಯಾವುದೂ ಮರುದಿನದ ಮೊಳೆಗೆ ನೆನಪಿಲ್ಲ.

ಭ್ರೂಣದ ಮೊದಲ ವಾರ ಈ ಸಂಜೆಯ ಕೆಲಸ.
ಗಂಡಿನ ಕಡೆಯದ್ದು ಅವಸರ; ಮೊದಲ ಸಲ ಒಡೆಯುವ ಮುನ್ನವೇ
ಕೊಕ್ಕೆಗಳು ಬಹುಪಾಲು ಕಿತ್ತುಬರುತ್ತವೆ.
ಹೆಣ್ಣಿನ ಕಡೆಯದ್ದು ನಿಧಾನ; ಇಬ್ಭಾಗವಾದಾಗಲೆಲ್ಲ
ಹೊಸ ಪ್ರತಿಗೆ ಗುರುತು ಹಾಕುವವರಿಲ್ಲದೆ ತೆಳುವಾಗುತ್ತ,
ನೆಂಟರು ಬಂದಂತೆಲ್ಲ ನೀರು ಬೆರೆಸಿದ ಸಾರಿನಂತೆ.
ಗರ್ಭಕ್ಕೆ ಅಂಟುವ ಹೊತ್ತಿಗೆ ಮತ್ತೆ ಜೋಡಣೆ:
ಇದು ಮಾಸು, ಇದು ಮಗು.

ಆದರೆ ಅಲ್ಲಿಗೆ ಮುಟ್ಟಬೇಕಲ್ಲ.
ಮೊದಮೊದಲು ಅದಕ್ಕೆ ಸ್ವಂತ ಮಾತಿಲ್ಲ,
ಅಂಡದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿಯೇ ಗತಿ.
ಮೂರನೇ ದಿನಕ್ಕೆ ಬುತ್ತಿ ಖಾಲಿ. ತಾನೇ ಬಾಯಿ ತೆರೆಯಬೇಕು.
ತೆರೆಯದವನ್ನು ಎಷ್ಟೋ ನೋಡಿದ್ದೇನೆ.
ಅಲ್ಲೇ ನಿಂತುಬಿಡುತ್ತವೆ, ಅಂದವಾಗಿಯೇ.

ಹಾಗಾದರೆ ಡೀಸೆಲ್ ಹೊಗೆ ತೊಳೆದುಹೋಯಿತೇ?
ಬಹುಮಟ್ಟಿಗೆ. ಬಹುಶಃ.
ಅಪ್ಪನ ಕಪಾಟಿನ ಕೆಳಗಿನ ಅರೆಯಲ್ಲಿ
ಕೆಲವು ಸಾಲುಗಳು ಎಂದೂ ಮನೆಗೆ ಮರಳುತ್ತಿರಲಿಲ್ಲ.
ಗೋಣಿದಾರ ಸುತ್ತ ಬಿಗಿದು ಮೇಲೊಂದು ಚೀಟಿ: ಬಿಚ್ಚಬಾರದು.
ಇಲ್ಲೂ ಅಂಥವು ನೂರರಷ್ಟು,
ಕೆಲವಕ್ಕೆ ತಂದೆ ಕಟ್ಟಿದ ದಾರ, ಕೆಲವಕ್ಕೆ ತಾಯಿ ಕಟ್ಟಿದ್ದು.
ಒಬ್ಬರ ಪ್ರತಿ ಮಾತಾಡಿದರೆ ಇನ್ನೊಬ್ಬರದು ಬಾಯಿ ಮುಚ್ಚಿರಬೇಕು.
(ತಿಂಗಳಾಯ ಎಂಬ ಬಳಿ ಪದ್ಮಾಕರರಿಗೂ ತಾಯಿಯಿಂದಲೇ ಬಂದದ್ದು.)
ದಾರ ಸಡಿಲಿದರೆ ಮಗುವಿನ ಹಸಿವಿನ ಲೆಕ್ಕವೇ ತಪ್ಪುತ್ತದೆ.
ಹೊಗೆ ಯಾವ ದಾರಕ್ಕೆ ತಾಗೀತು, ನನಗೆ ಗೊತ್ತಿಲ್ಲ.
ಗೊತ್ತುಂಟು ಎನ್ನುವವರನ್ನು ನಂಬುವುದಿಲ್ಲ.

ಪ್ರೆಸ್ಸು ಮುಚ್ಚಿದಾಗ ಸೀಸ ಕಿಲೋ ಲೆಕ್ಕಕ್ಕೆ ಹೋಯಿತು.
ಒಂದು ಕಟ್ಟನ್ನು ಅಪ್ಪ ಟಿಫಿನ್ ಡಬ್ಬಿಯಲ್ಲಿ ಅಡಗಿಸಿ ತಂದರು.
ಮದುವೆ ಕಾಗದದ ಕೊನೆಯ ಸಾಲು.
ಅದರ ಕೆಳಗೆ ಹೆಸರುಗಳು ಬದಲಾಗುತ್ತಿದ್ದವು, ಇದು ಇಲ್ಲ.
ಬೆರಳಾಡಿಸಿ, ತಿರುಗುಮುರುಗಾಗಿ ಓದಬೇಕು:
ತಮ್ಮ ಆಗಮನಾಭಿಲಾಷಿಗಳು.

ಬೆಳಗ್ಗೆ ಆರೂಕಾಲು. ಜನರೇಟರು ಕೆಮ್ಮಿ ನಿಂತಿತು.
ಕುಳಿ ನಾಲ್ಕರಲ್ಲಿ ಏಳು ಕೋಶ. ಎಂಟನೆಯದು ಇರಬಹುದು,
ಹಿಂದೆ ಮರೆಯಾಗಿ.
ಕಂಡದ್ದನ್ನಷ್ಟೇ ಬರೆಯುವುದು ನಿಯಮ.
ತಿಂಗಳಾಯ ಎಂದು ಬರೆದು, ಅದರ ಮುಂದೆ
ಏಳು ಎಂದು ಬರೆದೆ.